ಪಿಸ್ತೂಲಿಗೊಂದು ಬ್ಯಾಟರಿ

ನಮ್ಮ ಮಲೆನಾಡಿನ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಅದರ ಒಳಗೆ ಹಾಕುವುದಕ್ಕೆ ಸೆಲ್ಲು ಎನ್ನುತ್ತೇವೆ. "ಬ್ಯಾಟರಿ ತಗೊಂಡು ಹೋಗು, ಹಾವು ಹರಿದಾಡೋ ಹೊತ್ತು" ಎನ್ನುವುದು ಕತ್ತಲಾದ ಮೇಲೆ ಹೊಸ್ತಿಲು ದಾಟುವ ಎಲ್ಲರಿಗೂ ಅನ್ವಯಿಸುವ ಕಾನೂನು. ಮದುವೆಯಾಗಿ ಪೇಟೆ ಸೇರಿ ಮೂವತ್ತು ವರ್ಷವಾದರೂ ನಾನು ಅದನ್ನು ಟಾರ್ಚ್ ಎಂದು ಕರೆಯುವುದು ತರಗತಿಯಲ್ಲಿ ಮಾತ್ರ. ಹಾಗಾಗಿ ಅಮೆರಿಕದಲ್ಲಿ ನಮ್ಮ ಅಳಿಯಂದಿರು, "ಅತ್ತೆ, ನಾಳೆ ಪಿಸ್ತೂಲಿಗೆ ಒಂದು ಲೈಟ್ ತರೋಕೆ ಹೋಗ್ತಾ ಇದೀವಿ, ನೀವೂ ಬನ್ನಿ" ಎಂದಾಗ ನನ್ನ ಬಾಯಿಂದ ಹೊರಟದ್ದು, "ಪಿಸ್ತೂಲಿಗೂ ಬ್ಯಾಟರಿ ಉಂಟಾ?" ಎಂಬ ಮಾತು. ಅವರು ಮೈಸೂರು ಕಡೆಯವರು. "ಪಿಸ್ತೂಲಿಗೆ ಬ್ಯಾಟರಿ ಬೇಡ ಅತ್ತೆ, ಗುಂಡು ಇದ್ರೆ ಸಾಕು" ಎಂದು ನಕ್ಕರು.

ಇದು 2023ರ ಮೇ ತಿಂಗಳ ಮಾತು. ಮಗಳ ಎರಡನೆಯ ಬಾಣಂತನಕ್ಕೆಂದು ಬೇಸಿಗೆ ರಜೆಗೆ ಒಂದಷ್ಟು ಗಳಿಕೆ ರಜೆ ಸೇರಿಸಿಕೊಂಡು ಟೆಕ್ಸಾಸ್ ರಾಜ್ಯದ ಪ್ಲೇನೋ ಎಂಬ ಊರಿಗೆ ಹೋಗಿದ್ದೆ. ಡಲ್ಲಾಸ್ ನಗರದ ಉತ್ತರಕ್ಕಿರುವ ಊರು ಅದು. ನಮ್ಮ ದೇಶದವರು ಎಷ್ಟಿದ್ದಾರೆಂದರೆ, ನಾನು ಇಲ್ಲಿಂದ ಜೋಪಾನವಾಗಿ ಕಟ್ಟಿಕೊಂಡು ಹೋದ ಓಮ, ಒಣಶುಂಠಿ, ಅಂಟು ಎಲ್ಲವೂ ಅಲ್ಲಿನ ಅಂಗಡಿಯಲ್ಲೇ ಸಿಗುತ್ತಿದ್ದವು.

ಮನೆಯಲ್ಲಿ ಪಿಸ್ತೂಲಿದೆ ಎಂದು ಗೊತ್ತಾದದ್ದು ಹೋದ ಎರಡನೆಯ ವಾರ. ಬೇಕೆಂದು ಹಟ ಹಿಡಿದವಳು ಮಗಳು, ಅಳಿಯಂದಿರಲ್ಲ. ಅವರದು ತಿಂಗಳಿಗೆರಡು ಸಲ ಪರ ಊರಿನ ಕೆಲಸ, ಹೋದರೆ ಎರಡು ಮೂರು ರಾತ್ರಿ. ಹಿಂದಿನ ವರ್ಷ ಎರಡು ಬೀದಿ ಆಚೆ ಒಂದು ತೆಲುಗು ಕುಟುಂಬದ ಮನೆಯ ಹಿಂಬಾಗಿಲ ಗಾಜು ಒಡೆದು ಒಡವೆ ಹೊತ್ತೊಯ್ದಿದ್ದರಂತೆ. ಭಾರತದವರ ಮನೆಯಲ್ಲಿ ಚಿನ್ನ ಇರುತ್ತದೆ ಎನ್ನುವುದು ಕಳ್ಳರಿಗೆಲ್ಲ ಗೊತ್ತು ಎಂದು ಅಲ್ಲಿ ನಮ್ಮ ಹೆಂಗಸರು ಸೇರಿದಲ್ಲೆಲ್ಲ ಮಾತು. "ಅಮ್ಮ, ಅವ್ರು ಇಲ್ಲದ ದಿನ ಮಗು ಮಗ್ಗುಲಲ್ಲಿ ಹಾಕ್ಕೊಂಡು ಹಿಂದಿನ ಬಾಗಿಲು ನೋಡ್ತಾ ಕೂತಿರ್ತಿದ್ದೆ, ನಿನಗೆ ಗೊತ್ತಾ?" ಎಂದಳು. ನನಗೆ ಗೊತ್ತಿರಲಿಲ್ಲ. ದಿನಾ ವಿಡಿಯೋದಲ್ಲಿ ನೋಡುವ ಮುಖದಲ್ಲಿ ಅದೆಲ್ಲ ಕಾಣುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಗ್ಲಾಕ್ 19 ಎಂಬ ಪಿಸ್ತೂಲು ಕೊಂಡರು. ಇಬ್ಬರೂ ಗುರಿ ಹೊಡೆಯುವ ತರಬೇತಿಗೆ ಹೋಗಿ ಬಂದರು.

ನನಗೆ ಬಂದೂಕು ಹೊಸದಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂದು ತೋಟಾ ಕೋವಿ ಇತ್ತು. ಲೈಸೆನ್ಸಿನ ಪುಸ್ತಕ, ನವೀಕರಣ, ಕಚೇರಿಗೆ ಅಲೆದಾಟ, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಇವೆಲ್ಲ ಅಪ್ಪಯ್ಯನ ವರ್ಷದ ಕೆಲಸಗಳಲ್ಲಿ ಸೇರಿದ್ದವು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ 21 ವರ್ಷ ದಾಟಿದವರು ಪರವಾನಗಿಯಿಲ್ಲದೆಯೇ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಬಹುದು ಎಂದು ಅಳಿಯಂದಿರು ಹೇಳಿದಾಗ ನನಗೆ ನೆನಪಾದದ್ದು ಆ ರಸೀದಿಗಳ ಕಟ್ಟು.

ಅಪ್ಪಯ್ಯ ಹಂದಿ ಕಾಯಲು ಗದ್ದೆ ಮಾಳಕ್ಕೆ ಹೋಗುವಾಗ ಕೋವಿಯ ನಳಿಗೆಯ ಕೆಳಗೆ ಎರಡು ಸೆಲ್ಲಿನ ಬ್ಯಾಟರಿಯನ್ನಿಟ್ಟು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಬೆಳಕು ಹಿಡಿದರೆ ಗುರಿ ನಿಲ್ಲುವುದಿಲ್ಲವಲ್ಲ! ಮನೆಗೆ ಬಂದೊಡನೆ ಮೊದಲು ಮಾಡುತ್ತಿದ್ದ ಕೆಲಸ ಆ ಪಟ್ಟಿ ಬಿಚ್ಚುವುದು. ಕೋವಿ ಒಳಗಿನ ಕೋಣೆಗೆ, ಬ್ಯಾಟರಿ ಜಗಲಿಯ ಗೂಟಕ್ಕೆ. ರಾತ್ರಿ ಯಾರಾದರೂ ಅಂಗಳದಲ್ಲಿ ಕೂಗಿದರೆ ಹಿಡಿದು ನೋಡುವುದು ಗೂಟದ ಬ್ಯಾಟರಿಯಿಂದ. ಟೆಕ್ಸಾಸಿನ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಇಟ್ಟಿದ್ದ ಕಪ್ಪು ಲೋಹದ ಪುಟ್ಟ ದೀಪಗಳನ್ನು ನೋಡಿದಾಗ, ಆ ಸೈಕಲ್ ಟ್ಯೂಬಿನ ಕೆಲಸವನ್ನೇ ಇವರು 150 ಡಾಲರಿಗೆ ಮಾರುತ್ತಿದ್ದಾರೆ ಎನಿಸಿತು.

ಮಗಳು ಅಷ್ಟು ಹೊತ್ತಿಗೆ ಒಂದೂವರೆ ತಿಂಗಳ ಬಾಣಂತಿ. ತಲೆಗೆ ಬಟ್ಟೆ ಕಟ್ಟಿಸಿ ಕಿವಿಗೆ ಹತ್ತಿ ಇಡಿಸಿ ಕರೆದುಕೊಂಡು ಹೋಗಿದ್ದೆ. ಅಂಥ ವೇಷದಲ್ಲಿ ಬಂದೂಕಿನ ಅಂಗಡಿಗೆ ಬಂದ ಗಿರಾಕಿ ಅವಳೇ ಮೊದಲಿರಬೇಕು. ಅಂಗಡಿಯಲ್ಲಿದ್ದವರು ನನ್ನ ವಯಸ್ಸಿಗಿಂತ ದೊಡ್ಡವರು, ಹಿಂದೆ ಪೊಲೀಸು ಕೆಲಸದಲ್ಲಿದ್ದವರಂತೆ. ಕೂಸನ್ನು ನೋಡಿ ಮೊದಲು ಅದರ ಹೆಸರು ಕೇಳಿದರು, ಆಮೇಲೆ ಪಿಸ್ತೂಲಿನ ಹೆಸರು. ನಳಿಗೆಯ ಕೆಳಭಾಗದಲ್ಲಿ ದೀಪ ಸಿಕ್ಕಿಸಲು ಕಚ್ಚುಗಳಿರುತ್ತವೆ, ಅದನ್ನು ರೈಲು ಎನ್ನುತ್ತಾರೆ. ಎಲ್ಲ ಪಿಸ್ತೂಲುಗಳ ರೈಲೂ ಒಂದೇ ಅಳತೆಯದಲ್ಲ. ಹಾಗಾಗಿ ದೀಪದ ಜೊತೆಗೆ ಬೇರೆ ಬೇರೆ ಅಳತೆಯ ಸಣ್ಣ ತುಂಡುಗಳನ್ನೂ ಕೊಡುತ್ತಾರೆ, ನಮ್ಮದಕ್ಕೆ ಕೂಡುವುದನ್ನು ಹಾಕಿಕೊಳ್ಳಬೇಕು. ಸೊಂಟಕ್ಕೆ ಕಟ್ಟುವ ಚೀಲವಿದ್ದರೆ ದೀಪ ಸೇರಿಸಿದ ಮೇಲೆ ಅದು ಹಿಡಿಸುವುದಿಲ್ಲ, ಬೇರೆ ಕೊಳ್ಳಬೇಕು. ನಮ್ಮವರದು ಮನೆಯಲ್ಲಿಡುವ ಪಿಸ್ತೂಲಾದ್ದರಿಂದ ಆ ಖರ್ಚು ಉಳಿಯಿತು.

ಡಬ್ಬಿಗಳ ಮೇಲೆ ಎರಡು ಅಂಕಿಗಳಿದ್ದವು. ಒಂದು ಲ್ಯೂಮೆನ್, ಇನ್ನೊಂದು ಕ್ಯಾಂಡೆಲಾ. ನಾನು ಪಾಠ ಹೇಳುವುದು ಸಮಾಜ ವಿಜ್ಞಾನ. ಇವೆರಡರ ವ್ಯತ್ಯಾಸ ಕೇಳಿ ತಿಳಿದುಕೊಂಡೆ. ಪೈಪಿನಲ್ಲಿ ಗಿಡಕ್ಕೆ ನೀರು ಬಿಡುತ್ತೇವಲ್ಲ, ಒಟ್ಟು ಎಷ್ಟು ನೀರು ಬರುತ್ತದೆ ಎನ್ನುವುದು ಲ್ಯೂಮೆನ್. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಅದೇ ನೀರು ದೂರಕ್ಕೆ ರಭಸದಿಂದ ಚಿಮ್ಮುತ್ತದೆ, ಆ ರಭಸ ಕ್ಯಾಂಡೆಲಾ. ಹಳೆಯ ಕಾಲದ 60 ವ್ಯಾಟಿನ ಗಾಜಿನ ಬಲ್ಬು ಕೊಡುತ್ತಿದ್ದದ್ದು ಸುಮಾರು 800 ಲ್ಯೂಮೆನ್. ಒಂದು ಮೇಣದ ಬತ್ತಿ ಹನ್ನೆರಡರ ಆಸುಪಾಸು. ಅಂಗಡಿಯವರು ನಮ್ಮ ಮುಂದಿಟ್ಟವುಗಳಲ್ಲಿ ಸ್ಟ್ರೀಮ್‌ಲೈಟ್ ಕಂಪನಿಯ ಟಿಎಲ್ಆರ್-1 ಎಚ್ಎಲ್ ಎನ್ನುವುದು 1,000 ಲ್ಯೂಮೆನ್, 20,000 ಕ್ಯಾಂಡೆಲಾ. ಅದೇ ಕಂಪನಿಯ ಚಿಕ್ಕದು, ಟಿಎಲ್ಆರ್-7ಎ, 500 ಲ್ಯೂಮೆನ್, 5,000 ಕ್ಯಾಂಡೆಲಾ. ಶ್ಯೂರ್‌ಫೈರ್ ಕಂಪನಿಯ ಎಕ್ಸ್300 ಟರ್ಬೊ ಎನ್ನುವುದರಲ್ಲಿ ಲ್ಯೂಮೆನ್ 650 ಮಾತ್ರ, ಕ್ಯಾಂಡೆಲಾ 66,000! ಬೆಲೆಯೂ ಹಾಗೆಯೇ, 300 ಡಾಲರಿನ ಮೇಲೆ. ಅಳಿಯಂದಿರ ಕಣ್ಣು ಈ ಟರ್ಬೊ ಮೇಲೆ. ಗಂಡಸರಿಗೆ ದೂರ ಹೋಗುವ ವಸ್ತು ಎಂದರೆ ಏನೋ ಮೋಹ.

ಅಂಗಡಿಯ ಹಿರಿಯರು, "ನಿಮ್ಮ ಮನೆಯೊಳಗೆ ಅತಿ ಉದ್ದದ ಜಾಗ ಎಷ್ಟಿದೆ?" ಎಂದು ಕೇಳಿದರು. ಮಲಗುವ ಕೋಣೆಯ ಬಾಗಿಲಿನಿಂದ ಅಡುಗೆಮನೆಯವರೆಗಿನ ಓಣಿ, ಹೆಚ್ಚೆಂದರೆ ಹತ್ತು ಮೀಟರು. ಹೊಲ ತೋಟ ಕಾಯುವವರಿಗೆ ಕ್ಯಾಂಡೆಲಾ ಬೇಕು, ಮನೆಯೊಳಗೆ ಬೇಕಾದದ್ದು ನಡುವಿನ ಬಿಳಿ ಚುಕ್ಕೆಯ ಸುತ್ತ ಹರಡಿಕೊಳ್ಳುವ ಬೆಳಕು ಎಂದು ತಿಳಿಸಿ ಹೇಳಿದರು. ಅಮೆರಿಕದ ಮನೆಗಳ ಗೋಡೆಯೆಲ್ಲ ಬಿಳಿ. ಹತ್ತಿರದ ಬಿಳಿ ಗೋಡೆಗೋ ಕನ್ನಡಿಗೋ ತೀಕ್ಷ್ಣವಾದ ಬೆಳಕು ಬಿಟ್ಟರೆ ಅದು ತಿರುಗಿ ಬಿಟ್ಟವರ ಕಣ್ಣಿಗೇ ಬಡಿಯುತ್ತದೆ. ಟರ್ಬೊ ಡಬ್ಬಿ ಗಾಜಿನ ಪೆಟ್ಟಿಗೆಗೆ ವಾಪಸು ಹೋಯಿತು.

ಇಷ್ಟು ಚಿಕ್ಕ ಡಬ್ಬಿಯಿಂದ ಇಷ್ಟು ಬೆಳಕು ಬರುವುದು ಎಲ್ಇಡಿಯಿಂದ. ಅಪ್ಪಯ್ಯನ ಬ್ಯಾಟರಿಯ ಬಲ್ಬಿನಲ್ಲಿ ಕೂದಲೆಳೆಯಂಥ ತಂತಿ ಇರುತ್ತಿತ್ತು. ಕೋವಿ ಒದ್ದ ಏಟಿಗೆ ಅದು ಕಡಿದುಹೋಗಿ ಮುಂದಿನ ಈಡಿಗೆ ಕತ್ತಲು. ಎಲ್ಇಡಿಯಲ್ಲಿ ತಂತಿಯಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನವರು ಹೊಳಪಾದ ನೀಲಿ ಬೆಳಕಿನ ಎಲ್ಇಡಿ ಮಾಡಿದರು. ಆಮೇಲೆ ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪ ಬಳಿದಾಗ ಎರಡೂ ಸೇರಿ ಬಿಳಿಯಾಗಿ ಕಂಡಿತು. ನೀಲಿ ಎಲ್ಇಡಿಗಾಗಿ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಈಗ ನಮ್ಮ ಅಡುಗೆಮನೆಯಲ್ಲಿ ಉರಿಯುವುದೂ ಅದೇ ದೀಪ.

ಈ ಬಿಳಿ ಬೆಳಕಿನಲ್ಲಿ ಒಂದು ಕೊರತೆಯುಂಟು. ಸೀರೆ ಕೊಳ್ಳುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯ ದೀಪದಲ್ಲಿ ಮೆರೂನ್ ಎಂದು ಆರಿಸಿದ ಸೀರೆ ಮನೆಗೆ ಬಂದರೆ ಇಟ್ಟಿಗೆ ಬಣ್ಣ! ಅದಕ್ಕೇ ಸೆರಗು ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಹೋಗಿ ಬಿಸಿಲಲ್ಲಿ ನೋಡುವುದು. ನೀಲಿ ಹೆಚ್ಚಾದ ಅಗ್ಗದ ಎಲ್ಇಡಿಯಲ್ಲಿ ಕೆಂಪು ಬಣ್ಣ ಸತ್ತಂತೆ ಕಾಣುತ್ತದೆ. ಕತ್ತಲಲ್ಲಿ ನಿಂತವರು ಯಾರೆಂದು ಗುರುತಿಸುವ ದೀಪಕ್ಕೆ ಇದೂ ಮುಖ್ಯವಲ್ಲವೇ ಎಂದು ಕೇಳಿದೆ. ಅಳಿಯಂದಿರು ಇಂಗ್ಲಿಷಿನಲ್ಲಿ ದಾಟಿಸಿದರು. ಆ ಹಿರಿಯರು ನನ್ನನ್ನು ಒಂದು ಗಳಿಗೆ ನೋಡಿ, "ಈ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ" ಎಂದರು.

ಗುಂಡಿಯ ವಿಚಾರ ಬಂದಾಗ ಅವರ ದನಿ ಬದಲಾಯಿತು. ಈ ದೀಪಗಳಿಗೆ ಹಿಂಭಾಗದಲ್ಲಿ, ಟ್ರಿಗರಿನ ಸುತ್ತಲಿನ ಬಳೆಯ ಮುಂದೆ, ಎರಡೂ ಕಡೆ ಪುಟ್ಟ ಸನ್ನೆಗಳಿರುತ್ತವೆ. ಒತ್ತಿದಷ್ಟು ಹೊತ್ತು ಮಾತ್ರ ಉರಿಯುವಂತೆಯೂ, ಒಮ್ಮೆ ತಿರುಗಿಸಿದರೆ ಉರಿಯುತ್ತಲೇ ಇರುವಂತೆಯೂ ಮಾಡಬಹುದು. ಇನ್ನೊಂದು ಬಗೆಯೂ ಉಂಟು: ಹಿಡಿಯ ಮೇಲೆ, ಟ್ರಿಗರಿನ ಕೆಳಗೇ ಒಂದು ಒತ್ತುಗುಂಡಿ. ಮಧ್ಯದ ಬೆರಳಿನಿಂದ ಅದನ್ನು ಅದುಮಿದರೆ ಬೆಳಕು. ಅನುಕೂಲವೇ. ಆದರೆ ಒಂದು ಬೆರಳನ್ನು ಬಿಗಿ ಮಾಡಿದರೆ ಪಕ್ಕದ ಬೆರಳೂ ತಾನಾಗಿ ಬಿಗಿಯುವುದು ಕೈಯ ಸ್ವಭಾವ. 2010ರಲ್ಲಿ ಇದೇ ಪ್ಲೇನೋ ಊರಿನಲ್ಲಿ ಒಬ್ಬ ಪೊಲೀಸು ಅಧಿಕಾರಿ ಒಬ್ಬನನ್ನು ಬಂಧಿಸಲು ಹೋದಾಗ, ಬೆಳಕಿನ ಗುಂಡಿಯನ್ನು ಒತ್ತಲು ಹೋಗಿ ಟ್ರಿಗರ್ ಒತ್ತಿದ್ದಾಗಿ ಹೇಳಿದರು. ಎದುರಿಗಿದ್ದವನು ಸತ್ತ. ನಾನು ಮಗಳ ಮುಖ ನೋಡಿದೆ. ಅವಳು ತನ್ನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದಳು.

ಅವಳದು ನನ್ನಂತೆಯೇ ಗಿಡ್ಡ ಬೆರಳಿನ ಕೈ. ಬಳೆಯಂಗಡಿಯಲ್ಲಿ ಮಕ್ಕಳ ಬಳೆಗಿಂತ ಒಂದೇ ಅಳತೆ ದೊಡ್ಡದು ಹಿಡಿಸುವ ಕೈ. ಗುಂಡು ಖಾಲಿ ಮಾಡಿ, ಎರಡು ಸಲ ತೆಗೆದು ನೋಡಿ ಖಾತ್ರಿ ಮಾಡಿಕೊಂಡ ಪಿಸ್ತೂಲಿಗೆ ದೀಪ ಸಿಕ್ಕಿಸಿ ಅವಳ ಕೈಗೆ ಕೊಟ್ಟರು. ಅಳಿಯಂದಿರ ಹೆಬ್ಬೆರಳು ಸಲೀಸಾಗಿ ಮುಟ್ಟುತ್ತಿದ್ದ ಸನ್ನೆಯನ್ನು ಅವಳು ಮುಟ್ಟಬೇಕಾದರೆ ಹಿಡಿತವನ್ನೇ ಸಡಿಲಿಸಬೇಕು. ಎರಡನೆಯ ಕೈಯನ್ನು ಆಸರೆಗೆ ಕೊಟ್ಟು ಆ ಕೈಯ ಹೆಬ್ಬೆರಳಿನಿಂದ ಒತ್ತಿದಾಗ ಸರಿಹೋಯಿತು. ಆದರೆ ಎರಡನೆಯ ಕೈಯಲ್ಲಿ ಮಗುವಿದ್ದರೆ? ಯಾರೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ದೀಪ ಸೇರಿದ ಮೇಲೆ ಮೂತಿಯ ಕಡೆ ಸುಮಾರು 120 ಗ್ರಾಂ ಭಾರ ಹೆಚ್ಚಾಗುತ್ತದೆ, ಅದೂ ಅವಳ ಮಣಿಕಟ್ಟಿಗೆ ತಿಳಿಯುತ್ತಿತ್ತು.

ಕೊನೆಗೆ ಕೊಂಡದ್ದು 1,000 ಲ್ಯೂಮೆನ್ನಿನ ಆ ಟಿಎಲ್ಆರ್-1. ಅದಕ್ಕೆ ಹಾಕುವುದು ಸಿಆರ್123ಎ ಎಂಬ ಮೂರು ವೋಲ್ಟಿನ ಗಿಡ್ಡ ಲಿಥಿಯಂ ಸೆಲ್ಲುಗಳು, ಎರಡು. ಬಳಸದೆ ಇಟ್ಟರೆ ಹತ್ತು ವರ್ಷ ಬಾಳುತ್ತವಂತೆ, ಉರಿಸಿದರೆ ಒಂದೂವರೆ ಗಂಟೆ. ಚಾರ್ಜು ಮಾಡುವ ಬಗೆಯೂ ಇತ್ತು. ಬೇಕಾದ ಹೊತ್ತಿಗೆ ಅದು ಖಾಲಿಯಾಗಿ ಕೂತಿರುತ್ತದೆ ಎಂಬುದು ನನ್ನ ಮೊಬೈಲ್ ಕಲಿಸಿದ ಪಾಠ. ಸೆಲ್ಲಿನದೇ ಇರಲಿ ಎಂದೆ. 8.25 ಶೇಕಡಾ ತೆರಿಗೆ ಸೇರಿಸಿ ಬಿಲ್ಲು ಕೊಟ್ಟರು. ದೀಪಕ್ಕೆ ಯಾವ ಕಾಗದಪತ್ರವೂ ಬೇಡ.

ರಾತ್ರಿ ಊಟಕ್ಕೆ ಕೂತಾಗ ನಾನು ಹೇಳಬೇಕಾದ್ದನ್ನು ಹೇಳಿದೆ. ಆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ದೀಪ ಹಾಕದೆ ಓಡಾಡುವ ಜೀವ ಯಾವುದು? ನಾನೇ. ಮಗಳಿಗೆ ನಿದ್ದೆ ಬಿಟ್ಟೀತೆಂದು ಗೋಡೆ ತಡವಿಕೊಂಡು ಅಡುಗೆಮನೆಗೆ ಹೋಗಿ ಕೂಸಿನ ಹಾಲು ಬೆಚ್ಚಗೆ ಮಾಡುವವಳು ನಾನು. ಒಂದೊಂದು ದಿನ ನನ್ನ ಹಿಂದೆಯೇ ಮೂರು ವರ್ಷದ ಮೊಮ್ಮಗಳು ಎದ್ದು ಬರುತ್ತಾಳೆ, ಹೆಜ್ಜೆಯ ಸದ್ದೂ ಇಲ್ಲದೆ. "ಕಳ್ಳನನ್ನು ನೀವು ಇನ್ನೂ ನೋಡಿಲ್ಲ. ಈ ದೀಪದ ಎದುರಿಗೆ ಮೊದಲು ನಿಲ್ಲುವವರು ನಾವಿಬ್ಬರೇ" ಎಂದೆ.

ಅಳಿಯಂದಿರು ಊಟ ನಿಲ್ಲಿಸಿದರು. "ಅದಕ್ಕೇ ಅಲ್ವಾ ಅತ್ತೆ ಲೈಟು? ಎದುರಿಗಿರೋದು ಯಾರು ಅಂತ ನೋಡ್ಕೊಂಡೇ ಮುಂದಿನ ಮಾತು. ತರಬೇತಿಯಲ್ಲಿ ಕಲಿಸಿದ್ದೇ ಅದು."

ತರಬೇತಿಯ ಕಾಗದ ತಂದು ತೋರಿಸಿದರು. ಜೆಫ್ ಕೂಪರ್ ಎಂಬ ಹಳೆಯ ಸೈನಿಕರ ಹೆಸರಿನಲ್ಲಿ ಅಲ್ಲಿ ನಾಲ್ಕು ನಿಯಮ ಹೇಳಿಕೊಡುತ್ತಾರೆ. ಎಲ್ಲ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ನಾಶ ಮಾಡಲು ಸಿದ್ಧರಿಲ್ಲದ ಯಾವುದರ ಕಡೆಗೂ ಮೂತಿ ತಿರುಗಿಸಬಾರದು. ಗುರಿಯಿಡುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೇನಿದೆ ಎಂದು ಖಚಿತವಾಗಿ ತಿಳಿದಿರಬೇಕು. ಓದಿದೆ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಕಣ್ಣು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ತಾಳೆಯಾಗುವುದಿಲ್ಲವಲ್ಲ? ಯಾರೆಂದು ತಿಳಿಯಲು ಬೆಳಕು ಬಿಡಬೇಕು. ಬೆಳಕು ಇರುವುದು ಮೂತಿಯ ಕೆಳಗೆ. ಬೆಳಕು ಹೋದಲ್ಲಿಗೆ ಮೂತಿಯೂ ಹೋಗುತ್ತದೆ. ಹಾಗಾದರೆ ಕೂಸಿಗೆ ಹಾಲು ತರುತ್ತಿರುವ ಅಜ್ಜಿ ಎಂದು ಗೊತ್ತಾಗುವ ಮೊದಲೇ ಅಜ್ಜಿಯ ಎದೆಗೆ ಪಿಸ್ತೂಲು ಹಿಡಿದಾಗಿರುತ್ತದೆ.

"ನೆಲಕ್ಕೆ ಬಿಡ್ಬೇಕು ಅಮ್ಮ" ಎಂದಳು ಮಗಳು. "ಎದುರಿಗಲ್ಲ, ಕಾಲ ಬುಡಕ್ಕೆ. ಬೆಳಕು ಹೆಚ್ಚಿದ್ರೆ ನೆಲಕ್ಕೆ ಬಡಿದು ಕೋಣೆ ಪೂರ್ತಿ ತುಂಬುತ್ತೆ. ಹೆಚ್ಚು ಲ್ಯೂಮೆನ್ ಬೇಕು ಅನ್ನೋದು ಅದಕ್ಕೇ."

ನೋಡಿಯೇ ಬಿಡೋಣ ಎಂದೆ. ಪಿಸ್ತೂಲು ಹಾಸಿಗೆ ಪಕ್ಕದ ಉಕ್ಕಿನ ಪೆಟ್ಟಿಗೆಯಲ್ಲೇ ಬೀಗದೊಳಗಿರಲಿ, ದೀಪ ಒಂದನ್ನೇ ಕೈಯಲ್ಲಿ ಹಿಡಿಯಿರಿ, ನಾನು ದಿನದಂತೆ ಅಡುಗೆಮನೆಯಿಂದ ಬರುತ್ತೇನೆ. ಮೊಮ್ಮಗಳು ಮಲಗಿದ ಮೇಲೆ ಮನೆಯ ದೀಪವೆಲ್ಲ ಆರಿಸಿದೆವು. ನಾನು ಹಾಲಿನ ಬಾಟಲಿ ಹಿಡಿದು ಓಣಿಯ ಆ ತುದಿಯಲ್ಲಿ, ಮಗಳು ಮಲಗುವ ಕೋಣೆಯ ಬಾಗಿಲಲ್ಲಿ.

ಮೊದಲು ನಾನು ಊರಿಂದ ತಂದಿದ್ದ ಚಿಕ್ಕ ಬ್ಯಾಟರಿ. ಅದನ್ನು ನೆಲಕ್ಕೆ ಬಿಟ್ಟಾಗ ಅವಳಿಗೆ ಕಂಡದ್ದು ನನ್ನ ಕಾಲುಂಗುರ, ಸೀರೆಯ ಅಂಚು, ಅಷ್ಟೇ. ಮುಖ ಬೇಕಾದರೆ ಮೇಲೆತ್ತಲೇ ಬೇಕು. ಆಮೇಲೆ ಹೊಸ ದೀಪ, ಅದೂ ನೆಲಕ್ಕೆ. ಓಣಿ ಹಗಲಾಯಿತು! ನನ್ನ ಕಣ್ಣಿಗೆ ಚುಚ್ಚಲೇ ಇಲ್ಲ. ಅವಳು ನನ್ನ ಮುಖ, ಕೈಯ ಬಾಟಲಿ, ಅದರೊಳಗಿನ ಹಾಲು ಎಷ್ಟಿದೆ ಎನ್ನುವವರೆಗೆ ಹೇಳಿದಳು. ಎತ್ತರದ ಸೂರಿನ ದೊಡ್ಡ ಹಜಾರದಲ್ಲಿ ಮಾಡಿದಾಗ ಬೆಳಕು ಕೊಂಚ ತೆಳುವಾಯಿತು, ಆದರೂ ಯಾರೆಂದು ತಿಳಿಯುತ್ತಿತ್ತು. ಹೆಚ್ಚು ಬೆಳಕು ಎಂದರೆ ಎದುರಾಳಿಯ ಕಣ್ಣು ಕುರುಡು ಮಾಡುವುದಕ್ಕೆ ಎಂದು ಡಬ್ಬಿಯ ಮೇಲಿನ ಚಿತ್ರ ಹೇಳುತ್ತಿತ್ತು. ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ಈ ನೆಲದ ಉಪಯೋಗ.

"ಒಂದು ಸಲ ನೇರ ಮುಖಕ್ಕೆ ಬಿಡು" ಎಂದೆ. ಅವಳು ಬೇಡವೆಂದಳು. ಬಿಡು ಎಂದೆ.

ಏನಾಯಿತೆಂದರೆ, ಏನೂ ಕಾಣಲಿಲ್ಲ. ಬಿಳಿ. ಅದರ ಹಿಂದೆ ಮಗಳಿದ್ದಾಳೋ ಗೋಡೆಯಿದೆಯೋ ತಿಳಿಯಲಿಲ್ಲ. "ಯಾರು?" ಎಂದು ಅವಳು ಕೇಳಿದ್ದು ಕೇಳಿಸಿತು, ಉತ್ತರ ಬಾಯಿಗೆ ಬರಲಿಲ್ಲ. ನಾನು ಯೋಚಿಸುವ ಮೊದಲೇ ನನ್ನ ಬಲಗೈ ಕಣ್ಣಿಗೆ ಅಡ್ಡವಾಗಿ ಜೋರಾಗಿ ಮೇಲೆದ್ದಿತ್ತು. ಆ ಕೈಯಲ್ಲಿ ಬಾಟಲಿ. ದೀಪ ಆರಿದ ಮೇಲೂ ಬಹಳ ಹೊತ್ತು ಕಣ್ಣೊಳಗೆ ಹಸಿರು, ನೇರಳೆ ಕಲೆಗಳು ಈಜುತ್ತಿದ್ದವು. ಅಳಿಯಂದಿರು ಬಂದು ನನ್ನ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು.

ಮಗಳು ನಿಂತಲ್ಲೇ ನಿಂತಿದ್ದಳು. "ಅಮ್ಮ, ನೀನು ಏನೋ ಎಸೆಯೋಕೆ ಕೈ ಎತ್ತಿದ ಹಾಗೆ ಕಾಣ್ತು" ಎಂದಳು. ದನಿ ಸಣ್ಣದಾಗಿತ್ತು. "ನೀನು ಅಂತ ಗೊತ್ತಿದ್ದೂ."

ಆ ರಾತ್ರಿ ಮತ್ತೆ ಯಾರೂ ಲ್ಯೂಮೆನ್ನಿನ ಮಾತೆತ್ತಲಿಲ್ಲ. ನಾನು ಪಿಸ್ತೂಲನ್ನೇ ಮಾರಿಬಿಡಿ ಎನ್ನಬಹುದಿತ್ತು. ಅನ್ನಲಿಲ್ಲ. ಜೂನ್ ಕೊನೆಗೆ ವಿಮಾನ ಹತ್ತುವವಳು ನಾನು. ಆಮೇಲೆ ಎರಡು ಮಕ್ಕಳನ್ನು ಮಗ್ಗುಲಲ್ಲಿ ಹಾಕಿಕೊಂಡು ಹಿಂಬಾಗಿಲು ನೋಡುತ್ತ ಕೂರುವವಳು ಅವಳು. ಅವಳ ಭಯ ಸುಳ್ಳೆನ್ನಲು ನನಗೆ ಅಧಿಕಾರವಿಲ್ಲ. ನನಗೆ ಆ ವಸ್ತು ಇಷ್ಟವಿಲ್ಲ, ಇವತ್ತಿಗೂ ಇಲ್ಲ. ಅದು ಬೇರೆ ಮಾತು.

ಬೆಳಿಗ್ಗೆ ಕಾಫಿ ಕುಡಿಯುವಾಗ ಮೂವರೂ ಕೂತು ಮಾಡಬೇಕಾದ್ದನ್ನು ಮಾತಾಡಿದೆವು. ಕೈಯಲ್ಲಿ ಹಿಡಿಯುವ ಬ್ಯಾಟರಿ ಬೇರೆಯೇ ಒಂದು ಬೇಕು, ಅದು ಪೆಟ್ಟಿಗೆಯ ಹೊರಗೆ, ಹಾಸಿಗೆಯ ಪಕ್ಕದ ಮೊಳೆಗೆ ತೂಗಿರಬೇಕು. ಸದ್ದಾದರೆ ಕೈ ಮೊದಲು ಅದಕ್ಕೆ ಹೋಗಬೇಕು. ಅಪ್ಪಯ್ಯನ ಜಗಲಿಯ ಗೂಟದ ಕಥೆ ಹೇಳಿದೆ. ಅಳಿಯಂದಿರಿಗೆ ಸೈಕಲ್ ಟ್ಯೂಬಿನ ಭಾಗ ಹಿಡಿಸಿತು, ಗೂಟದ ಭಾಗ ಮಗಳಿಗೆ. ಸದ್ದು ಕೇಳಿದರೆ ಮೊದಲು ಹೆಸರು ಹಿಡಿದು ಕೂಗುವುದು, ಮನೆಯವರು ಓಗೊಡುವುದು. ಗೋಡೆಯ ಸ್ವಿಚ್ಚು ಒತ್ತಿದರೆ ಇಡೀ ಓಣಿ ಬೆಳಗುವಾಗ ಉಳಿದದ್ದೆಲ್ಲ ಆಮೇಲಿನ ಮಾತು. ಉಕ್ಕಿನ ಪೆಟ್ಟಿಗೆಯ ಬೀಗದ ಬಗ್ಗೆ ನಾನು ಬಾಯಿ ತೆರೆಯಬೇಕಾಗಲಿಲ್ಲ. ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಇಟ್ಟರೆ ಟೆಕ್ಸಾಸಿನಲ್ಲೂ ಅಪರಾಧ ಎಂದು ಅವಳೇ ಹೇಳಿ, ಪೆಟ್ಟಿಗೆಯ ಅಂಕಿಯನ್ನು ಬದಲಾಯಿಸಿದಳು. ಹಳೆಯದು ಮೊಮ್ಮಗಳ ಹುಟ್ಟಿದ ದಿನವಾಗಿತ್ತು. ಆ ಹುಡುಗಿ ಅದನ್ನು ಹಾಡಿನಂತೆ ಹೇಳಿಕೊಂಡು ತಿರುಗುತ್ತಿತ್ತು.

ಇನ್ನೊಂದು ಕೆಲಸ ಅಳಿಯಂದಿರು ನನಗೆ ಹೇಳದೆಯೇ ಮಾಡಿದರು. ಗೋಡೆಯ ಪ್ಲಗ್ಗಿಗೇ ಸಿಕ್ಕಿಸುವ, ಯಾರಾದರೂ ನಡೆದರೆ ತಾನಾಗಿ ಹೊತ್ತಿಕೊಳ್ಳುವ ಪುಟ್ಟ ಎಲ್ಇಡಿಗಳನ್ನು ತಂದು ಓಣಿಯುದ್ದಕ್ಕೂ ಮೊಣಕಾಲಿನ ಎತ್ತರದಲ್ಲಿ ಹಾಕಿದರು. ಬೆಚ್ಚನೆಯ ಹಳದಿ ಬಣ್ಣದವು, ಕೆಂಪು ಕೆಂಪಾಗಿಯೇ ಕಾಣುವಂಥವು. ಆರಕ್ಕೂ ಸೇರಿ ಟರ್ಬೊ ಬೆಲೆಯ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಅವತ್ತಿನಿಂದ ರಾತ್ರಿ ಎರಡು ಗಂಟೆಗೆ ನಾನು ಗೋಡೆ ತಡವುವುದು ತಪ್ಪಿತು. ಹೆಜ್ಜೆ ಇಟ್ಟ ಕಡೆ ದೀಪ ಹತ್ತುತ್ತ ಬರುವುದು. ಮೊಮ್ಮಗಳಿಗೆ ಅದೊಂದು ಆಟವಾಗಿ, ದೀಪ ಹೊತ್ತಿಸಲೆಂದೇ ಓಣಿಯಲ್ಲಿ ಹತ್ತು ಸಲ ಓಡಿ ಬಿದ್ದು ಮೊಣಕಾಲು ತರಚಿಕೊಂಡಿತು.

ನಾನು ಬಂದ ಮೇಲೆ ಆ ವರ್ಷದ ನವೆಂಬರಿನಲ್ಲಿ ಒಂದು ದಿನ ಇಲ್ಲಿ ಮಧ್ಯಾಹ್ನದ ಹೊತ್ತು, ನನ್ನ ಊಟದ ಬಿಡುವಿನಲ್ಲಿ ಫೋನು ಬಂತು. ಅಲ್ಲಿ ನಡುರಾತ್ರಿ ದಾಟಿತ್ತು. ಅಳಿಯಂದಿರು ಊರಲ್ಲಿರಲಿಲ್ಲ. ಹಿಂದಿನ ಅಂಗಳದಲ್ಲಿ ಸದ್ದಾಯಿತಂತೆ. ಮೊಳೆಯಲ್ಲಿದ್ದ ಬ್ಯಾಟರಿ ತೆಗೆದು ಗಾಜಿನೊಳಗಿಂದಲೇ ಬಿಟ್ಟು ನೋಡಿದಳಂತೆ. ಕಸದ ಡಬ್ಬಿಯ ಮೇಲೆ ರಕೂನು, ಕಣ್ಣೆರಡೂ ಕೆಂಡದಂತೆ. "ಪೆಟ್ಟಿಗೆ ತೆಗೆದೆಯಾ?" ಎಂದು ಕೇಳಿದೆ. ತೆಗೆಯಲಿಲ್ಲ, ಆದರೆ ಕೈ ಅದರ ಮೇಲಿತ್ತು ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮಗು ಅಳುವುದು ಕೇಳುತ್ತಿತ್ತು.

"ಸೆಲ್ಲು ಬದಲಾಯಿಸಿದ್ದೀಯಾ?" ಎಂದೆ.

"ಯಾವುದರದ್ದು ಅಮ್ಮ?"

"ಎರಡರದ್ದೂ" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಎಂಟನೆಯ ತರಗತಿಗೆ ಹೋಗಬೇಕಿತ್ತು.